ಗೋದಾಮು ತುಂಬಿಸುವ ಮೊದಲು ಒಂದು ಕಿಲೋ ಕತ್ತರಿಸಿ ನೋಡಿ

ಕಾರ್ಕಳ ತಾಲೂಕಿನಲ್ಲಿ ನನ್ನದೊಂದು ಸಣ್ಣ ಬೀಜದ ಫ್ಯಾಕ್ಟರಿ ಇದೆ. ಗೇರುಬೀಜವನ್ನು ಹಬೆಯಲ್ಲಿ ಬೇಯಿಸಿ, ಕತ್ತರಿಸಿ, ಒಣಗಿಸಿ, ಸಿಪ್ಪೆ ತೆಗೆದು, ಗ್ರೇಡ್ ಮಾಡಿ ಡಬ್ಬಿ ತುಂಬಿಸುವ ಕೆಲಸ. ಮಂಗಳೂರು, ಉಡುಪಿ ಕಡೆ ಇಂಥ ಫ್ಯಾಕ್ಟರಿಗಳು ಬಹಳ. ಎಲ್ಲರ ಯಂತ್ರಗಳೂ ಹೆಚ್ಚುಕಡಿಮೆ ಒಂದೇ ಬಗೆಯವು, ಬೀಜವೂ ಅದೇ: ಬೇಸಿಗೆಯಲ್ಲಿ ಊರಿನದು, ಉಳಿದ ತಿಂಗಳುಗಳಿಗೆ ಆಫ್ರಿಕಾದಿಂದ ಬಂದದ್ದು. ಆದರೂ ಒಬ್ಬರು ವರ್ಷವಿಡೀ ಕೆಲಸ ಕೊಡುತ್ತಾರೆ, ಇನ್ನೊಬ್ಬರು ಅರ್ಧ ವರ್ಷ ಬೀಗ ಹಾಕುತ್ತಾರೆ. ಬಂಡವಾಳದ ವ್ಯತ್ಯಾಸ ಇದೆ, ನಿಜ. ಆದರೆ ಯಜಮಾನ ದಿನನಿತ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂಬುದು ಅದಕ್ಕಿಂತ ದೊಡ್ಡ ಕಾರಣ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಉದ್ಯಮಶೀಲತೆಯನ್ನು ಅಧ್ಯಯನ ಮಾಡುವವರು 1980ರ ದಶಕದಿಂದಲೂ ಮೂರು ಗುಣಗಳ ಮಾತನಾಡುತ್ತಾರೆ: ಹೊಸತನ್ನು ಮಾಡಿ ನೋಡುವುದು, ಇತರರಿಗಿಂತ ಮೊದಲೇ ಹೆಜ್ಜೆ ಇಡುವುದು, ನಷ್ಟದ ಅಪಾಯಕ್ಕೆ ಹೆದರದಿರುವುದು. ನಮ್ಮಲ್ಲಿ ಮೂರನೆಯದಕ್ಕೆ ಮಾತ್ರ ಚಪ್ಪಾಳೆ ಸಿಗುತ್ತದೆ. ಲೋಡುಗಟ್ಟಲೆ ಬೀಜ ಖರೀದಿಸಿದವನೇ ಗಂಡೆದೆಯವನು! ಆದರೆ ನಮ್ಮ ಖರ್ಚಿನ ಬಹುಪಾಲು ಕಚ್ಚಾ ಬೀಜಕ್ಕೇ ಹೋಗುತ್ತದೆ. 2018ರಲ್ಲಿ ಆಫ್ರಿಕಾದ ಬೀಜದ ದರ ವರ್ಷದ ಆರಂಭದಲ್ಲಿ ಏರಿ ಬಳಿಕ ಕುಸಿದಾಗ, ದುಬಾರಿ ಬೀಜವನ್ನು ಗೋದಾಮಿನಲ್ಲಿ ಪೇರಿಸಿಟ್ಟವರು ಎಷ್ಟು ಕಷ್ಟಪಟ್ಟರು ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಅಪಾಯವನ್ನು ಅಳೆಯುವ ಅಭ್ಯಾಸ ಇಲ್ಲದ ಧೈರ್ಯ ಸಣ್ಣ ಉದ್ದಿಮೆಗೆ ಒಗ್ಗುವುದಿಲ್ಲ.

ನಾನು ಅಳೆಯುವುದು ಕತ್ತರಿಯಿಂದ. ಬೇರೆ ಬೇರೆ ಚೀಲಗಳಿಂದ ಬೀಜ ತೆಗೆದು ಬೆರೆಸಿ, ಅದರಲ್ಲಿ ಒಂದು ಕಿಲೋ ತೂಗಿ, ಪ್ರತಿಯೊಂದನ್ನೂ ಇಬ್ಭಾಗ ಮಾಡುತ್ತೇವೆ. ಒಳ್ಳೆಯ ತಿರುಳು ಒಂದು ಕಡೆ, ಎಳಸು ಮತ್ತು ಚುಕ್ಕೆ ಬಿದ್ದದ್ದು ಇನ್ನೊಂದು ಕಡೆ, ಹುಳ ಹಿಡಿದದ್ದು, ಬೂಸಲು ಬಂದದ್ದು, ಜೊಳ್ಳು ಮತ್ತೊಂದು ಕಡೆ. ಒಳ್ಳೆಯದರ ಪೂರ್ತಿ ತೂಕ, ಎರಡನೆಯದರ ಅರ್ಧ ತೂಕ ಲೆಕ್ಕಕ್ಕೆ; ಮೂರನೆಯದು ಸೊನ್ನೆ. ಹೀಗೆ 272 ಗ್ರಾಂ ಬಂದರೆ 80 ಕಿಲೋ ಚೀಲಕ್ಕೆ 48 ಪೌಂಡ್ ಔಟ್‌ಟರ್ನ್, ಅಂದರೆ ಒಂದು ಚೀಲದಿಂದ ಸಿಗುವ ತಿರುಳಿನ ಲೆಕ್ಕ. ಒಂದೇ ಒಂದು ಪೌಂಡ್ ಕಡಿಮೆಯಾದರೂ ಹತ್ತು ಟನ್ನಿಗೆ ಸುಮಾರು 57 ಕಿಲೋ ತಿರುಳು ಕೈತಪ್ಪುತ್ತದೆ. ದಲ್ಲಾಳಿ ಎಷ್ಟೇ ಆತುರಪಡಿಸಲಿ, ಈ ಲೆಕ್ಕ ಮುಗಿಯದೆ ಮುಂಗಡ ಕೊಡುವುದಿಲ್ಲ. ಬೇಕಾದದ್ದನ್ನು ಒಂದೇ ಸಲಕ್ಕೆ ಕೊಳ್ಳುವುದೂ ಇಲ್ಲ. ಊರಿನ ಬೀಜ ಬರುವಾಗ ಒಂದಷ್ಟು, ಪಶ್ಚಿಮ ಆಫ್ರಿಕಾದ್ದು ಬಂದಾಗ ಒಂದಷ್ಟು, ವರ್ಷದ ಕೊನೆಗೆ ತಾಂಜಾನಿಯಾದ ಬೆಳೆ ಶುರುವಾದ ಮೇಲೆ ಉಳಿದದ್ದು. ದರ ಏರಿದರೆ ಲಾಭ ಸ್ವಲ್ಪ ಕಡಿಮೆಯಾದೀತು, ಕುಸಿದರೆ ಮುಳುಗುವುದಿಲ್ಲ.

ಹೊಸತನದ ವಿಷಯಕ್ಕೆ ಬಂದರೆ, ನನ್ನ ಫ್ಯಾಕ್ಟರಿಗೆ ಅತಿ ಹೆಚ್ಚು ಲಾಭ ತಂದ ಬದಲಾವಣೆ ಸಿಪ್ಪೆ ತೆಗೆಯುವ ವಿಭಾಗದ ಹಿರಿಯ ಮಹಿಳೆಯೊಬ್ಬರಿಂದ ಬಂದದ್ದು. "ಅಣ್ಣ, ಬೋರ್ಮಾದಿಂದ ನೇರ ಬಂದ ಟ್ರೇಯಲ್ಲಿ ತುಂಡು ಜಾಸ್ತಿ, ರಾತ್ರಿ ಇಟ್ಟದ್ದರಲ್ಲಿ ಕಡಿಮೆ" ಎಂದರು. ಬೋರ್ಮಾ ಎಂದರೆ ನಮ್ಮ ಒಣಗಿಸುವ ಬಿಸಿಗಾಳಿಯ ಕೋಣೆ. ಅಲ್ಲಿಂದ ಬಂದ ತಿರುಳಿನಲ್ಲಿ ತೇವಾಂಶ ತೀರ ಕಡಿಮೆ. ಬೆರಳು ಒತ್ತಿದರೆ ಒಡೆಯುತ್ತದೆ. ಒಂದೇ ಲಾಟಿನ ಟ್ರೇಗಳನ್ನು ಎರಡು ಪಾಲು ಮಾಡಿ, ಒಂದನ್ನು ಆಗಲೇ, ಇನ್ನೊಂದನ್ನು ತೇವದ ಗಾಳಿ ತಾಗುವ ಕೋಣೆಯಲ್ಲಿಟ್ಟು ಮರುದಿನ ಸುಲಿಸಿ ಬೇರೆಬೇರೆ ತೂಗಿದೆವು. ಅವರ ಮಾತೇ ನಿಜವಾಯಿತು. ಹೊಸ ಯಂತ್ರ ಬೇಕಾಗಲಿಲ್ಲ, ಒಂದು ಕೋಣೆ ಸಾಕಾಯಿತು. ಇಡೀ ಬೀಜಕ್ಕೂ ತುಂಡಿಗೂ ಇರುವ ದರದ ಅಂತರ ಗೊತ್ತಿದ್ದವರಿಗೆ ಇದರ ಬೆಲೆ ಅರ್ಥವಾಗುತ್ತದೆ. ಅಂದಿನಿಂದ ವಾರಕ್ಕೊಮ್ಮೆ ಎಲ್ಲ ವಿಭಾಗದ ಅಕ್ಕಂದಿರ ಜೊತೆ ಕುಳಿತು ಕೇಳುತ್ತೇನೆ. ಸಲಹೆ ಕೆಲಸ ಮಾಡಿದರೆ ಲಾಭದಲ್ಲಿ ಅವರಿಗೂ ಪಾಲು ಕೊಡುತ್ತೇನೆ.

ತುಂಡಿನ ವ್ಯಾಪಾರದಲ್ಲಿ ಮೊದಲೇ ಹೆಜ್ಜೆ ಇಟ್ಟದ್ದು ಕೈಹಿಡಿಯಿತು. ಎಲ್ಲರಂತೆ ದೂರದ ಸಗಟು ವ್ಯಾಪಾರಿಗೆ ಕಳುಹಿಸುವ ಬದಲು ಮಂಗಳೂರಿನ ಐಸ್‌ಕ್ರೀಮ್ ತಯಾರಕರು, ಉಡುಪಿಯ ಬೇಕರಿಗಳು, ಸಿಹಿತಿಂಡಿ ಅಂಗಡಿಗಳ ಬಾಗಿಲಿಗೆ ನಾನೇ ಮಾದರಿ ಹಿಡಿದು ಹೋದೆ. ಗಡ್‌ಬಡ್ ಐಸ್‌ಕ್ರೀಮ್ ತಿನ್ನುವ ಕರಾವಳಿಯಲ್ಲಿ ತುಂಡಿಗೆ ಗಿರಾಕಿ ಇಲ್ಲದೆ ಇರುತ್ತದೆಯೇ? ಅವರಿಗೆ ಬೇಕಾದ ಗಾತ್ರಕ್ಕೆ ಜರಡಿ ಹಿಡಿದು ಕೊಟ್ಟೆ. ಪ್ರಮಾಣ ಚಿಕ್ಕದು, ಹಣ ಬೇಗ ಬರುತ್ತದೆ.

ಹಣ ಬೇಗ ಬರುವುದು ಎಷ್ಟು ದೊಡ್ಡ ವಿಷಯ ಎಂಬುದು ಸರಕನ್ನು ಸಾಲಕ್ಕೆ ಕೊಟ್ಟು ಕಾದವರಿಗೆ ಗೊತ್ತು. ನೋಂದಾಯಿತ ಸಣ್ಣ ಉದ್ದಿಮೆಗೆ ಗರಿಷ್ಠ 45 ದಿನಗಳಲ್ಲಿ ಪಾವತಿಸಬೇಕೆಂಬ ನಿಯಮ ಸಣ್ಣ ಉದ್ದಿಮೆಗಳ 2006ರ ಕಾಯ್ದೆಯಲ್ಲೇ (ಎಂಎಸ್‌ಎಂಇಡಿ ಕಾಯ್ದೆ) ಇದೆ. ನಾನು ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ (ಸಣ್ಣ ಉದ್ದಿಮೆಯ ಸರ್ಕಾರಿ ನೋಂದಣಿ ಸಂಖ್ಯೆ) ಅಚ್ಚು ಹಾಕಿಸಿ, ಗಡುವಿಗೆ ಮೊದಲೇ ಫೋನ್ ಮಾಡುತ್ತೇನೆ. ಹಾಗೆ ಬಂದ ಹಣದಲ್ಲಿ ಒಂದು ಪಾಲು ದಿನಾ ಪಿಗ್ಮಿಗೆ, ಅಂದರೆ ಸ್ವಲ್ಪಸ್ವಲ್ಪವೇ ಕಟ್ಟುವ ದಿನದ ಉಳಿತಾಯಕ್ಕೆ, ಹೋಗುತ್ತದೆ. 1928ರಲ್ಲಿ ಉಡುಪಿಯ ಬ್ಯಾಂಕೊಂದು ಶುರುಮಾಡಿದ ಆ ಪದ್ಧತಿ ಇಂದಿಗೂ ನಮ್ಮಂಥವರ ಬೆನ್ನೆಲುಬು: ದರ ಬಿದ್ದ ವಾರದಲ್ಲಿ ಕೂಲಿ ಕೊಡಲು ಸರಕನ್ನು ಅಗ್ಗಕ್ಕೆ ಮಾರಬೇಕಾಗುವುದಿಲ್ಲ.

ಈಗ ಬಣ್ಣ ನೋಡಿ ಬೇರ್ಪಡಿಸುವ ಯಂತ್ರದ ಆಲೋಚನೆ ನಡೆದಿದೆ. ಮಾರುವವರ ಮಾತು ಕೇಳಿದ್ದಾಯಿತು. ಮುಂದಿನ ತಿಂಗಳು ನಮ್ಮದೇ ಕೆಲವು ಡಬ್ಬಿಗಳನ್ನು ಅದೇ ಯಂತ್ರವಿರುವ ಪರಿಚಯದವರ ಫ್ಯಾಕ್ಟರಿಗೆ ಒಯ್ದು ಬಾಡಿಗೆ ಕೊಟ್ಟು ಓಡಿಸುತ್ತೇನೆ. ಗ್ರೇಡಿಂಗ್‌ನ ಇಬ್ಬರು ಅಕ್ಕಂದಿರು ಜೊತೆಗೆ ಬರುತ್ತಾರೆ; ಯಂತ್ರ ಬಿಟ್ಟದ್ದನ್ನು ಅವರೇ ಆರಿಸಿ ತೂಗಬೇಕು.