ಬಾರ್ಡರ್‌ನಲ್ಲಿದ್ದ ಶುಗರ್ ಮತ್ತು ತಿಂಗಳ 20ನೇ ತಾರೀಖು

ರಕ್ತದ ಸಕ್ಕರೆ ನೋಡುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ನನಗೆ 6.2 ಬಂದಿತ್ತು. "ಬಾರ್ಡರ್‌ನಲ್ಲಿದೆ. ಸಿಹಿ ಕಡಿಮೆ ಮಾಡಿ, ಟೆನ್ಷನ್ ಮಾಡ್ಕೋಬೇಡಿ" ಅಂದರು ಡಾಕ್ಟರು. ನಮ್ಮಪ್ಪನಿಗೂ ದೊಡ್ಡಪ್ಪನಿಗೂ ಸಕ್ಕರೆ ಕಾಯಿಲೆ ಇತ್ತು. ಕಾಲಿನ ಗಾಯ ಮಾಯದೆ ದೊಡ್ಡಪ್ಪನ ಎರಡು ಬೆರಳು ತೆಗೆಯಬೇಕಾಗಿ ಬಂದದ್ದನ್ನು ಕಣ್ಣಾರೆ ಕಂಡವಳು ನಾನು. ಬಾರ್ಡರ್ ಅನ್ನೋ ಮಾತನ್ನು ಹಗುರವಾಗಿ ತೆಗೆದುಕೊಳ್ಳಲು ಆಗಲಿಲ್ಲ.

ಈ ಪರೀಕ್ಷೆ ಏನು ಹೇಳುತ್ತದೆ ಅಂತ ಮೊದಲು ತಿಳಿದುಕೊಂಡೆ. ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬದುಕುತ್ತವೆ. ಅವಕ್ಕೆ ಎಷ್ಟು ಸಕ್ಕರೆ ಅಂಟಿದೆ ಎಂದು ನೋಡಿದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ಗೊತ್ತಾಗುತ್ತದೆ. 5.7ಕ್ಕಿಂತ ಕೆಳಗಿದ್ದರೆ ಸರಿ. 5.7ರಿಂದ 6.4ರವರೆಗೆ ಬಾರ್ಡರ್. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನನ್ನಂತೆ ಬಾರ್ಡರ್‌ನಲ್ಲಿ ಇರುವವರು ದೇಶದಲ್ಲಿ ಸುಮಾರು 13.6 ಕೋಟಿ ಜನ ಎಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ ಹೇಳಿತ್ತು. ನನಗೆ ಧೈರ್ಯ ಕೊಟ್ಟದ್ದು ಅದಕ್ಕಿಂತ ಹಳೆಯ ಅಧ್ಯಯನ. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ್ದು. ಊಟ, ನಡಿಗೆ ಸರಿಮಾಡಿಕೊಂಡವರಲ್ಲಿ ಕಾಯಿಲೆ ಬರುವ ಅಪಾಯ ಶೇ 28ರಷ್ಟು ಕಡಿಮೆಯಾಗಿತ್ತು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲೂ ಹೆಚ್ಚುಕಮ್ಮಿ ಅಷ್ಟೇ. ಪರದೇಶದವರ ಲೆಕ್ಕ ಅಲ್ಲ ಇದು, ನಮ್ಮ ಜನರದ್ದೇ.

ಸರಿ, ಟೆನ್ಷನ್ ವಿಷಯ? ದಾವಣಗೆರೆಯಲ್ಲಿ ವ್ಯಾಪಾರಸ್ಥರ ತೆರಿಗೆ ಲೆಕ್ಕ ನೋಡುವ ಕೆಲಸ ನನ್ನದು. ತಿಂಗಳ 11ಕ್ಕೆ ಒಂದು ಜಿಎಸ್‌ಟಿ ರಿಟರ್ನ್, 20ಕ್ಕೆ ಇನ್ನೊಂದು. 20ರ ರಿಟರ್ನ್‌ಗೆ ಬೇಕಾದ ಬಿಲ್ಲುಗಳು ಕೈಗೆ ಸೇರುತ್ತಿದ್ದದ್ದೇ 18, 19ಕ್ಕೆ. ಆ ದಿನಗಳಲ್ಲಿ ಸಂಜೆ ಆರಕ್ಕೆ ಮಂಡಕ್ಕಿ, ಮಿರ್ಚಿ, ಎರಡು ಸಲ ಚಹಾ. ಮನೆಗೆ ಬಂದು ಊಟ ಮಾಡುವಾಗ ಹತ್ತೂವರೆ. ಮಲಗಿದರೂ ತಲೆಯಲ್ಲಿ ಲೆಕ್ಕ ಓಡುತ್ತಲೇ ಇರುತ್ತಿತ್ತು.

ಮನೆಗೊಂದು ಗ್ಲುಕೋಮೀಟರ್ ತಂದೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೋಡಿ, ಹಾಲಿನ ಲೆಕ್ಕ ಬರೆಯುವ ಬೆಂಗಳೂರು ಪ್ರೆಸ್ ಕ್ಯಾಲೆಂಡರ್‌ನಲ್ಲೇ ಆಯಾ ದಿನದ ಚೌಕದಲ್ಲಿ ಸಣ್ಣದಾಗಿ ಬರೆಯತೊಡಗಿದೆ. ತಿಂಗಳು ಕಳೆದ ಮೇಲೆ ಒಟ್ಟಿಗೆ ನೋಡಿದಾಗ ನನಗೆ ಅಚ್ಚರಿಯಾಯಿತು. ಉಳಿದ ದಿನ 100, 104 ಇರುತ್ತಿದ್ದ ಸಂಖ್ಯೆ 19, 20, 21ರ ಚೌಕಗಳಲ್ಲಿ 115 ದಾಟಿತ್ತು. ಮುಂದಿನ ತಿಂಗಳು ಆ ದಿನಗಳಲ್ಲಿ ಮಿರ್ಚಿ ಪೂರ್ತಿ ಬಿಟ್ಟು, ರಾತ್ರಿ ಎಂದಿನಂತೆ ಎರಡು ಜೋಳದ ರೊಟ್ಟಿ ತಿಂದು ನೋಡಿದೆ. ಸ್ವಲ್ಪ ಇಳಿಯಿತು, ಆದರೂ ಏರು ಪೂರ್ತಿ ಹೋಗಲಿಲ್ಲ.

ಇದಕ್ಕೆ ಕಾರಣ ಇದೆ. ಒತ್ತಡ ಬಂದಾಗ ಮೈ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಬಿಡುತ್ತದೆ. ಓಡಲು, ಹೊಡೆದಾಡಲು ಬೇಕಾಗಬಹುದು ಎಂದು ಲಿವರ್ ತನ್ನಲ್ಲಿರುವ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ನಾವು ಓಡುವುದಿಲ್ಲ, ಕುರ್ಚಿಯಲ್ಲೇ ಕೂತಿರುತ್ತೇವೆ. ನಿದ್ದೆ ಕೆಟ್ಟರೆ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಕೆಲಸವೂ ಮಂದವಾಗುತ್ತದೆ. ಸಕ್ಕರೆ ಡಬ್ಬಿ ಮುಟ್ಟದೇ ಶುಗರ್ ಏರುವುದು ಹೀಗೆ. ಈ ಮಾತನ್ನು ಬಾರ್ಡರ್‌ನಲ್ಲಿರುವ ಪ್ರತಿಯೊಬ್ಬರಿಗೂ ಮೊದಲ ದಿನವೇ ಬಿಡಿಸಿ ಹೇಳಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಬರೀ "ಸಿಹಿ ಬಿಡಿ" ಅಂದರೆ ಸಾಕಾಗುವುದಿಲ್ಲ.

ಹಾಗಾಗಿ ನಾನು ಮೊದಲು ಕೈ ಹಾಕಿದ್ದು ಕೆಲಸಕ್ಕೆ. ಕಕ್ಷಿದಾರರಿಗೆಲ್ಲ ಹೇಳಿಬಿಟ್ಟೆ: 20ರ ರಿಟರ್ನಿನ ಬಿಲ್ಲು 12ರೊಳಗೆ ಕೊಡಿ. ತಡವಾದರೆ ಮಾಡಿಕೊಡುತ್ತೇನೆ, ಆದರೆ ಫೀಸು ಜಾಸ್ತಿ. ಇಬ್ಬರು ಬೇರೆ ಕಡೆ ಹೋದರು. ಉಳಿದವರು ಎರಡು ಮೂರು ತಿಂಗಳಲ್ಲಿ ಹೊಂದಿಕೊಂಡರು. ಆ ಇಬ್ಬರ ಫೀಸು ಹೋದದ್ದು ಲೆಕ್ಕಕ್ಕೆ ಬಂತು, ನಿಜ. ಆದರೆ ಯಾವ ಪ್ರಾಣಾಯಾಮವೂ ಕೊಡದಷ್ಟು ನಿರಾಳ ಇದು ಕೊಟ್ಟಿತು. ಒತ್ತಡ ಎಲ್ಲಿಂದ ಬರುತ್ತಿದೆಯೋ ಅಲ್ಲಿಗೆ ಹೋಗಿ ಒಂದಿಷ್ಟಾದರೂ ಕಡಿಮೆ ಮಾಡಲು ಆಗುತ್ತದಾ ಅಂತ ಮೊದಲು ನೋಡಬೇಕು. ಮೇಲಧಿಕಾರಿಯ ಕೈಕೆಳಗೆ ದುಡಿಯುವವರಿಗೆ ಇಷ್ಟು ಸಲೀಸಲ್ಲ, ಗೊತ್ತಿದೆ.

ಪ್ರಾಣಾಯಾಮ ಬಿಡಲಿಲ್ಲ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ನಿಮಿಷಕ್ಕೆ ಆರೇ ಉಸಿರು. ಉಸಿರು ಬಿಡುವಾಗ ಎದೆಬಡಿತ ತಾನಾಗಿ ನಿಧಾನವಾಗುತ್ತದೆ, ಅದಕ್ಕೇ ಬಿಡುವ ಹೊತ್ತು ಉದ್ದ. ಕೊನೆಗೆ ಸ್ವಲ್ಪ ಭ್ರಾಮರಿ, ಅಂದರೆ ದುಂಬಿಯಂತೆ ಗುಂಯ್ ಎನ್ನುತ್ತಾ ಉಸಿರು ಬಿಡುವುದು. ಚಾಪೆ, ಮೌನ ಏನೂ ಬೇಡ, ಆಫೀಸಿನ ಕುರ್ಚಿಯಲ್ಲೇ ಆಗುತ್ತದೆ.

ಇನ್ನು ಊಟ. ರಾತ್ರಿ ಊಟವನ್ನು ಏಳೂವರೆಗೆ ತಂದೆ. ಕೆಲಸ ಇರುವ ದಿನ ಡಬ್ಬಿ ಒಯ್ಯುತ್ತೇನೆ. ಊಟ ಆದ ಕೂಡಲೇ ಹದಿನೈದು ನಿಮಿಷ ನಡಿಗೆ. ನಡೆಯುವ ಕಾಲಿನ ಸ್ನಾಯು ಇನ್ಸುಲಿನ್‌ಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ನನ್ನ ಮೀಟರಿನಲ್ಲಿ ಇದರ ಪರಿಣಾಮ ಕಂಡಷ್ಟು ಚೆನ್ನಾಗಿ ಬೇರೆ ಯಾವುದರದ್ದೂ ಕಾಣಲಿಲ್ಲ. ಭಾನುವಾರ ಕುಂದವಾಡ ಕೆರೆ ಏರಿ ಮೇಲೆ ಉದ್ದದ ನಡಿಗೆ, ನಮ್ಮ ಮನೆಯವರೂ ಬರುತ್ತಾರೆ.

ಬಾಳೆಲೆಯಲ್ಲಿ ಕೋಸಂಬರಿ, ಪಲ್ಯ ಮೊದಲು ಬಡಿಸಿ, ಅನ್ನ ಆಮೇಲೆ ಬರುತ್ತದೆ ಅಲ್ವಾ? ದಿನದ ತಟ್ಟೆಗೂ ಅದೇ ಕ್ರಮ ಮಾಡಿಕೊಂಡೆ. ತರಕಾರಿ, ಕಾಳು ಮೊದಲು ಹೊಟ್ಟೆಗೆ ಬಿದ್ದರೆ ಹಿಂದೆ ಬರುವ ಅನ್ನದ ಸಕ್ಕರೆ ನಿಧಾನವಾಗಿ ಏರುತ್ತದೆ. ಹುರುಳಿಕಾಳು, ಹೆಸರುಕಾಳು, ಮೆಂತ್ಯ ಸೊಪ್ಪು, ಹರಿವೆ ಸೊಪ್ಪು ವಾರವಿಡೀ ಇರುತ್ತವೆ. ರೊಟ್ಟಿ ಎರಡು, ಅನ್ನ ಒಂದು ಸೌಟು. ರಾಗಿ, ನವಣೆ ಎಷ್ಟು ತಿಂದರೂ ಶುಗರ್ ಏರುವುದಿಲ್ಲ ಅನ್ನುವವರನ್ನು ನಂಬಬೇಡಿ. ನುಣ್ಣಗೆ ಬೀಸಿದ ಹಿಟ್ಟಿನ ರಾಗಿ ಅಂಬಲಿ ಕುಡಿದ ದಿನ ನನಗೆ ಚೆನ್ನಾಗಿಯೇ ಏರಿತ್ತು. ಅದೇ ರಾಗಿಯ ಚಿಕ್ಕ ಮುದ್ದೆಯನ್ನು ಸೊಪ್ಪಿನ ಸಾರಿನ ಜೊತೆ ಉಂಡರೆ ಅಷ್ಟು ಏರುವುದಿಲ್ಲ.

ಬಿಪಿಯೂ ಸ್ವಲ್ಪ ಮೇಲಿತ್ತು, ಅದಕ್ಕೆ ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿದೆ. ದಿನಕ್ಕೆ 5 ಗ್ರಾಂ ಒಳಗೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಟೀ ಚಮಚಕ್ಕೂ ಸ್ವಲ್ಪ ಕಡಿಮೆ. 138/88 ಇದ್ದ ಬಿಪಿ ಈಗ 124/80ರ ಆಸುಪಾಸಿನಲ್ಲಿದೆ.

ಅಮೃತಬಳ್ಳಿ ಕಷಾಯ ಕುಡಿ ಅಂತ ತುಂಬಾ ಜನ ಹೇಳಿದರು. ನಾನು ಕುಡಿಯಲಿಲ್ಲ. ಅದನ್ನು ಸೇವಿಸಿದ ಕೆಲವರ ಲಿವರ್‌ಗೆ ತೊಂದರೆಯಾಗಿದೆ ಎಂದು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಅವರದ್ದು, ಲಿವರ್ ನನ್ನದು. ಇನ್ನೊಂದು ಮಾತು: ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ನನ್ನದನ್ನು ಓದಿ ಮಾತ್ರೆ ಬಿಡಬೇಡಿ, ದಯವಿಟ್ಟು. ನಾನು ಮಾತ್ರೆ ಶುರುವಾಗುವ ಮುಂಚಿನ ಹಂತದಲ್ಲಿದ್ದವಳು.

ವರ್ಷದೊಳಗೆ ಎಚ್‌ಬಿಎ1ಸಿ 5.6ಕ್ಕೆ ಬಂತು. ಕಳೆದ ಮಾರ್ಚ್ ಮುಗಿದ ಮೇಲೆ ಮತ್ತೆ 5.8. ವರ್ಷದ ಲೆಕ್ಕ ಮುಗಿಸುವ ತಿಂಗಳಲ್ಲಿ ನಿದ್ದೆ ಕೆಡುತ್ತದೆ, ಅದಕ್ಕಿನ್ನೂ ದಾರಿ ಹುಡುಕುತ್ತಿದ್ದೇನೆ. ಹೆಂಗಸರು ಈ ಪರೀಕ್ಷೆ ಮಾಡಿಸುವಾಗ ಜೊತೆಗೆ ಹಿಮೋಗ್ಲೋಬಿನ್ನೂ ನೋಡಿಸಿ. ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ನನಗೆ ಹಿಮೋಗ್ಲೋಬಿನ್ 12ರ ಮೇಲಿತ್ತು, ಅಂದರೆ ರಕ್ತಹೀನತೆ ಇರಲಿಲ್ಲ.