ಗಾಳ ಹಾಕುವವರಿಗೆ ನಂಬರ್ ಇರುವ ಪೋಲರೈಸ್ಡ್ ಕನ್ನಡಕ: ಬಣ್ಣ ನೋಡುವುದು ಕೊನೆಗೆ

ಕನ್ನಡಕದಂಗಡಿಗೆ ಹೋದವರು ಮೊದಲು ಆರಿಸುವುದು ಬಣ್ಣ, ಆಮೇಲೆ ಫ್ರೇಮು. ಡಾಕ್ಟರು ಬರೆದ ಚೀಟಿ ಜೇಬಿನಿಂದ ಹೊರಬರುವುದು ಕಟ್ಟಕಡೆಗೆ. ಗಾಳದ ಕನ್ನಡಕಕ್ಕೆ ಈ ಕ್ರಮ ಪೂರ್ತಿ ತಲೆಕೆಳಗು. ಯಾವ ಫ್ರೇಮು, ಯಾವ ಲೆನ್ಸು ಹೊಂದುತ್ತದೆ ಎಂಬುದನ್ನು ಮುಕ್ಕಾಲು ಪಾಲು ತೀರ್ಮಾನಿಸುವುದು ಆ ಚೀಟಿಯೇ.

ಕೊಳ್ಳುವ ವಸ್ತು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಮೊದಲೇ ಗೊತ್ತಿರಲಿ. ನೀರಿನ ಮೇಲಿಂದ ಕಣ್ಣಿಗೆ ಹೊಡೆಯುವ ಹೊಳಪಿನಲ್ಲಿ ಅಡ್ಡಲಾಗಿ ಕಂಪಿಸುವ ಬೆಳಕೇ ಹೆಚ್ಚು. ಪೋಲರೈಸ್ಡ್ ಲೆನ್ಸಿನೊಳಗಿನ ತೆಳು ಫಿಲ್ಮ್ ಅದನ್ನು ತಡೆಯುತ್ತದೆ. ನೀರಿನ ಮಟ್ಟಕ್ಕೆ ಸುಮಾರು 37 ಡಿಗ್ರಿ ಕೋನದಲ್ಲಿ ನೋಡಿದಾಗ ಹೊಳಪು ಹೆಚ್ಚುಕಡಿಮೆ ಪೂರ್ತಿ ಮಾಯ. ಕಣ್ಣು ನೀರಿಗಿಂತ 1.5 ಮೀಟರ್ ಮೇಲಿದ್ದರೆ ಆ ಜಾಗ ಕಾಲಿನಿಂದ 2 ಮೀಟರ್ ದೂರದಲ್ಲಿ ಸಿಗುತ್ತದೆ. 4 ಮೀಟರ್ ಮೇಲಿದ್ದರೆ 5 ಮೀಟರಿಗಿಂತ ಸ್ವಲ್ಪ ಆಚೆ. ಅದಕ್ಕೇ ಬಂಡೆ ಹತ್ತಿದವನಿಗೆ ಮೀನು ಮೊದಲು ಕಾಣುವುದು. ಇನ್ನೂ ದೂರದ ನೀರು ಎಂಥ ಲೆನ್ಸಿನಲ್ಲೂ ಒಂದಿಷ್ಟು ಮಿನುಗುತ್ತದೆ, ಅದು ದೋಷವಲ್ಲ. ಮಳೆಗಾಲದಲ್ಲಿ ಕಾವೇರಿ ಕೆಂಪಾಗಿ ಹರಿಯುವಾಗಲಂತೂ ತಳ ತೋರಿಸುವ ಕನ್ನಡಕ ಯಾವ ಅಂಗಡಿಯಲ್ಲೂ ಇಲ್ಲ.

ಇನ್ನು ಚೀಟಿ. ವರ್ಷಕ್ಕಿಂತ ಹಳೆಯದಾಗಿದ್ದರೆ ಮತ್ತೆ ಕಣ್ಣು ಪರೀಕ್ಷೆ ಮಾಡಿಸಿ. ಪಿ.ಡಿ., ಅಂದರೆ ಪಾಪೆಗಳ ನಡುವಿನ ಅಂತರವನ್ನು ಮೂಗಿನ ನಡುವಿನಿಂದ ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಎಂದು ಬೇರೆಬೇರೆಯಾಗಿ ಮಿಲಿಮೀಟರಿನಲ್ಲಿ ಬರೆಸಿಕೊಳ್ಳಿ. ‘ಕೂಲಿಂಗ್ ಗ್ಲಾಸ್ ತಾನೆ, ಸಿಲಿಂಡರ್ ಬಿಟ್ಟರೂ ನಡೆಯುತ್ತೆ’ ಅನ್ನುವ ಅಂಗಡಿಯವರೂ ಇದ್ದಾರೆ. ಸಿಲಿಂಡರ್ ಅಂದರೆ ಅಸ್ಟಿಗ್ಮಾಟಿಸಂ ದೋಷ ಸರಿಪಡಿಸುವ ನಂಬರ್; ಅದು 0.75 ದಾಟಿದ್ದರೆ ಒಪ್ಪಬೇಡಿ. ದಿನವಿಡೀ ನೀರನ್ನೇ ದಿಟ್ಟಿಸುವ ಕೆಲಸದಲ್ಲಿ ಸಂಜೆಗೆ ತಲೆನೋವು ಖಚಿತ.

ಫ್ರೇಮಿನಲ್ಲೇ ಹೆಚ್ಚಿನವರು ಎಡವುವುದು. ಮುಖಕ್ಕೆ ಸುತ್ತಿಕೊಂಡಂತೆ ಬಾಗಿದ ಫ್ರೇಮು ಪಕ್ಕದ ಬೆಳಕನ್ನು ತಡೆಯುತ್ತದೆ ನಿಜ. ಆದರೆ ಆ ಬಾಗಿಗೆ 8 ಬೇಸ್ ಕರ್ವ್, ಅಂದರೆ ಮುಂಮೈ ಹೆಚ್ಚು ಬಾಗಿದ ಲೆನ್ಸು ಬೇಕು. ಪ್ಲಸ್ ಆಗಲಿ ಮೈನಸ್ ಆಗಲಿ, ನಂಬರ್ 3ರ ಆಸುಪಾಸು ದಾಟಿದರೆ ಇದರಲ್ಲಿ ಲೆನ್ಸು ದಪ್ಪವಾಗುತ್ತದೆ (ಮೈನಸ್ಸಿಗೆ ಅಂಚು, ಪ್ಲಸ್ಸಿಗೆ ನಡುಭಾಗ), ಪಕ್ಕಕ್ಕೆ ಕಣ್ಣು ಹೊರಳಿಸಿದಾಗ ನೋಟ ಕಲಸುತ್ತದೆ, ನೆಲ ಏರಿಳಿದಂತೆ ಭಾಸವಾಗುತ್ತದೆ. ಪಾಚಿ ಕಟ್ಟಿದ ಬಂಡೆಯ ಮೇಲೆ ಅದು ಅಪಾಯ. ಹೆಚ್ಚು ನಂಬರಿನವರು 6 ಬೇಸ್ ಅಥವಾ ಅದಕ್ಕಿಂತ ಚಪ್ಪಟೆಯಾದ, ಆದರೆ ಅಗಲ ಕಡ್ಡಿಯ ಫ್ರೇಮು ಹಿಡಿಯಿರಿ. ಪಕ್ಕದ ಬೆಳಕನ್ನು ಆ ಅಗಲ ಕಡ್ಡಿಯೂ ಅಂಚಿರುವ ಟೋಪಿಯೂ ನೋಡಿಕೊಳ್ಳುತ್ತವೆ. ಬಾಗಿದ್ದೇ ಬೇಕೆಂದರೆ, ಫ್ರೇಮಿನ ಬಾಗು ಮತ್ತು ಓರೆಯ ಅಳತೆಯನ್ನು ಲ್ಯಾಬಿಗೆ ಕಳಿಸಿ ನಂಬರನ್ನು ಅದಕ್ಕೆ ಹೊಂದಿಸಿಯೇ ಮಾಡಿಸಬೇಕು. ಸಮುದ್ರಕ್ಕೆ ಹೋಗುವವರು ಲೋಹದ ಫ್ರೇಮು ಬಿಟ್ಟು ನೈಲಾನ್ ಅಥವಾ ಟಿ.ಆರ್.-90 ಎಂಬ ಬಳುಕುವ ಪ್ಲಾಸ್ಟಿಕ್ಕಿನದು ತೆಗೆದುಕೊಳ್ಳಿ. ಉಪ್ಪುನೀರಿಗೆ ಮೊದಲು ತುಕ್ಕು ಹಿಡಿಯುವುದು ಕಡ್ಡಿಯ ಸ್ಪ್ರಿಂಗ್ ಮತ್ತು ತಿರುಪು.

ಲೆನ್ಸಿನ ವಸ್ತುವಿನಲ್ಲಿ ನಮ್ಮ ಆಯ್ಕೆ ಟ್ರೈವೆಕ್ಸ್ ಎಂಬ ಹಗುರವಾದ ಗಟ್ಟಿ ಪ್ಲಾಸ್ಟಿಕ್, ಸಿಗದಿದ್ದರೆ ಪಾಲಿಕಾರ್ಬೊನೇಟ್. ಬಂಡೆಗೆ ಸಿಕ್ಕಿದ ಗಾಳವನ್ನು ಎಳೆದಾಗ ಸೀಸದ ಗುಂಡು ಮುಖಕ್ಕೇ ಹಾರಿ ಬರುವುದುಂಟು. ಗಾಜಿನ ಲೆನ್ಸು ಆ ಹೊಡೆತಕ್ಕೆ ಚೂರಾಗುತ್ತದೆ, ಮಾಮೂಲಿ ಪ್ಲಾಸ್ಟಿಕ್ ಲೆನ್ಸು (ಸಿ.ಆರ್.-39) ಬಿರಿಯಬಹುದು. ಪಾಲಿಕಾರ್ಬೊನೇಟ್ ಗಟ್ಟಿ, ಆದರೆ ನಂಬರ್ ಹೆಚ್ಚಿದ್ದರೆ ಅಂಚಿನಲ್ಲಿ ವಸ್ತುಗಳ ಸುತ್ತ ಬಣ್ಣದ ಗೆರೆ ಕಾಣುತ್ತದೆ. 5-6 ದಾಟಿದ ನಂಬರಿಗೆ ಲೆನ್ಸು ತೆಳ್ಳಗಾಗಲು 1.60 ಅಥವಾ 1.67 ಇಂಡೆಕ್ಸ್ (ಲೆನ್ಸಿನ ವಸ್ತು ಬೆಳಕನ್ನು ಬಾಗಿಸುವ ಅಳತೆ) ಕೇಳಿ.

ನಲವತ್ತು ದಾಟಿ ಚಾಳೀಸು ಬಂದವರಿಗೆ ಗಾಳದ ಕಣ್ಣಿಗೆ ದಾರ ಪೋಣಿಸುವುದೇ ದೊಡ್ಡ ಕಷ್ಟ. ಮೇಲಿಂದ ಕೆಳಕ್ಕೆ ನಂಬರ್ ಮೆಲ್ಲಗೆ ಬದಲಾಗುವ ಪ್ರೋಗ್ರೆಸಿವ್ ಲೆನ್ಸಿನ ಕೆಳಭಾಗದಿಂದ ಕಾಲಬುಡ ನೋಡಿದರೆ ಮಸುಕು. ನೀರಿಗಿಳಿದು ನಿಲ್ಲುವವರು ಕೆಳಗಡೆ ಚಿಕ್ಕ ಪಟ್ಟಿ ಇರುವ ಬೈಫೋಕಲ್ ಮಾಡಿಸಿ, ಪಟ್ಟಿಯನ್ನು ಮಾಮೂಲಿಗಿಂತ 2-3 ಮಿಲಿಮೀಟರ್ ಕೆಳಗಿಡಲು ಹೇಳುವುದು ಒಳ್ಳೆಯದು. ಗಂಟು ಹಾಕುವ ದೂರ 40 ಸೆಂಟಿಮೀಟರ್ ಎಂದು ತಿಳಿಸಿದರೆ ಹತ್ತಿರದ ನಂಬರನ್ನು ಅದಕ್ಕೆ ಹೊಂದಿಸುತ್ತಾರೆ. ದೋಣಿಯಲ್ಲಿ ಕೂತೇ ಇರುವವರಿಗೆ ಪ್ರೋಗ್ರೆಸಿವ್ ಸಾಕು.

ಕೊನೆಗೆ ಬಣ್ಣ. ಹೊಳೆ, ಕೆರೆ, ಹಿನ್ನೀರಿಗೆ ತಾಮ್ರ ಅಥವಾ ಕಂದು. ತಳದ ಕಲ್ಲಿಗೂ ಮೀನಿಗೂ ನಡುವಿನ ವ್ಯತ್ಯಾಸ ಎದ್ದು ಕಾಣುತ್ತದೆ. ಕಾರವಾರ, ಮಲ್ಪೆಯಿಂದ ತೆರೆದ ಕಡಲಿಗೆ ಹೋಗುವವರಿಗೆ ಬೂದು. ನಸುಕು, ಮುಸ್ಸಂಜೆಗೆ ಹಳದಿ ಛಾಯೆ. ಲೆನ್ಸಿನ ಕಪ್ಪಿನ ಮಟ್ಟವನ್ನು ಕೆಟಗರಿ ಎನ್ನುತ್ತಾರೆ; ಬಿಸಿಲಿಗೆ ಕೆಟಗರಿ 3 ಸಾಕು, ಅದು 8ರಿಂದ 18% ಬೆಳಕು ಬಿಡುತ್ತದೆ. ಕೆಟಗರಿ 4 ಹಾಕಿಕೊಂಡು ವಾಹನ ಓಡಿಸಬಾರದು. ಕಪ್ಪು ಹೆಚ್ಚಿದಷ್ಟೂ ರಕ್ಷಣೆ ಹೆಚ್ಚು ಎಂಬುದು ತಪ್ಪು ತಿಳಿವಳಿಕೆ: ಯು.ವಿ. 400 (ಅತಿನೇರಳೆ ಕಿರಣ ತಡೆಯುವ ಗುಣ) ಇಲ್ಲದ ಕಪ್ಪು ಲೆನ್ಸಿನ ಹಿಂದೆ ಪಾಪೆ ಹಿಗ್ಗಿ, ಕೆಟ್ಟ ಕಿರಣಗಳಿಗೆ ಬಾಗಿಲು ತೆರೆದಂತಾಗುತ್ತದೆ. ಒಳಮೈಗೆ ಆಂಟಿ ರಿಫ್ಲೆಕ್ಷನ್ ಕೋಟಿಂಗ್ ಮರೆಯದೆ ಕೇಳಿ, ಇಲ್ಲದಿದ್ದರೆ ಬೆನ್ನ ಹಿಂದಿನ ಸೂರ್ಯ ಲೆನ್ಸಿನಲ್ಲೇ ಕಾಣುತ್ತಾನೆ.

ಕನ್ನಡಕ ಕೈಗೆ ಬಂದ ದಿನ ಅಂಗಡಿಯಲ್ಲೇ ಪರೀಕ್ಷಿಸಿ. ಲೆನ್ಸೋಮೀಟರಿನಲ್ಲಿ ನಂಬರ್ ತೋರಿಸಲು ಹೇಳಿ, ಚೀಟಿಗೆ ತಾಳೆ ನೋಡಿ. ಆಮೇಲೆ ಹೊಳೆಯುವ ಟೈಲ್ಸ್ ನೆಲದ ಪ್ರತಿಫಲನವನ್ನು ಓರೆಯಾಗಿ, ಒಂದೊಂದೇ ಕಣ್ಣು ಮುಚ್ಚಿ ನೋಡಿ. ಎರಡೂ ಕಡೆ ಹೊಳಪು ಸಮನಾಗಿ ಕಡಿಮೆಯಾಗಬೇಕು. ಕನ್ನಡಕವನ್ನು 90 ಡಿಗ್ರಿ ತಿರುಗಿಸಿದರೆ ಹೊಳಪು ಮರಳಬೇಕು. ಒಂದು ಕಡೆ ಮಾತ್ರ ಹೊಳಪು ಉಳಿದರೆ ಆ ಲೆನ್ಸನ್ನು ತಿರುಚಿ ಕೂರಿಸಿದ್ದಾರೆ ಎಂದರ್ಥ, ವಾಪಸು ಕೊಡಿ. 5 ಡಿಗ್ರಿ ತಿರುಚಿದ್ದರೆ ತಡೆಯಬೇಕಾದ ಹೊಳಪಿನಲ್ಲಿ 1% ಕೂಡ ನುಸುಳದು, 20 ಡಿಗ್ರಿಯಾದರೆ ಸುಮಾರು 12% ನುಸುಳುತ್ತದೆ. ದುಂಡು ಫ್ರೇಮಿನಲ್ಲಿ ಲೆನ್ಸು ತಾನಾಗಿಯೇ ತಿರುಗುವುದರಿಂದ ನಾವು ಅಂಥ ಫ್ರೇಮನ್ನು ಸೂಚಿಸುವುದೇ ಇಲ್ಲ. ದೋಣಿಯಲ್ಲಿ ಫಿಶ್ ಫೈಂಡರ್ ಇದ್ದರೆ ಅದರ ಪರದೆ ಈ ಲೆನ್ಸಿನಲ್ಲಿ ಕಪ್ಪಾಗುತ್ತದೆಯೇ ನೋಡಿಕೊಳ್ಳಿ. ಕಪ್ಪಾದರೆ ಪರದೆಯನ್ನೇ ಸ್ವಲ್ಪ ತಿರುಗಿಸಿ ಕೂರಿಸಬೇಕಾಗುತ್ತದೆ.

ಉಪ್ಪು ಒಣಗಿದ ಲೆನ್ಸನ್ನು ಅಂಗಿಯ ಚುಂಗಿನಿಂದ ಒರೆಸಿದರೆ ಗೀರು ಬೀಳುತ್ತದೆ. ಮೊದಲು ಸಿಹಿನೀರು ಸುರಿದು, ಆಮೇಲೆ ಬಟ್ಟೆ. ಸೊಳ್ಳೆ ಎಣ್ಣೆ ಹಚ್ಚಿದ ಕೈಯಿಂದ ಮುಟ್ಟಬೇಡಿ, ಅದರಲ್ಲಿರುವ ಡೀಟ್ ಪ್ಲಾಸ್ಟಿಕ್ ತಿನ್ನುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಶಾಖಕ್ಕೆ ಫಿಲ್ಮಿನ ಪದರ ಬಿಟ್ಟುಕೊಂಡು ಅಂಚಿನಿಂದ ಗುಳ್ಳೆ ಏಳುತ್ತದೆ. ಹಾಗಾದ ಲೆನ್ಸಿಗೆ ರಿಪೇರಿ ಇಲ್ಲ, ಹೊಸದೇ ಹಾಕಿಸಬೇಕು.