ಮಂತ್ರ ಕೇಳುವ ಮೊದಲು ಒಂದು ಮಳೆಗಾಲ ಕಾಯಿರಿ

ನಮ್ಮ ಕಾಸರಗೋಡಿನಲ್ಲಿ ಮಗನಿಗೆ ಚೆಂಡೆ ಕಲಿಸಬೇಕಾದರೆ ಏನು ಮಾಡುತ್ತೇವೆ? ನಾಲ್ಕು ಯಕ್ಷಗಾನ ಆಟ ನೋಡುತ್ತೇವೆ. ಯಾರ ಕೈ ಹೇಗೆ, ಮಕ್ಕಳ ಹತ್ತಿರ ಯಾರು ಹೇಗೆ ಮಾತಾಡುತ್ತಾರೆ ಅಂತ ವಿಚಾರಿಸುತ್ತೇವೆ. ಆಮೇಲೆ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಹಿಡಿದು ಹೋಗುತ್ತೇವೆ. ಅಧ್ಯಾತ್ಮದ ಗುರು ಬೇಕು ಅನ್ನುವಾಗ ಮಾತ್ರ ಯಾಕೋ ಅವಸರ. ಯೂಟ್ಯೂಬಿನಲ್ಲಿ ಎರಡು ಪ್ರವಚನ ಕೇಳಿ, ಮೂರನೆಯ ದಿನ ದೀಕ್ಷೆ ಬೇಕು ಅನ್ನುವವರನ್ನು ಕಂಡಿದ್ದೇನೆ.

ಮೊದಲು ಮನೆಯಲ್ಲಿ ಕೇಳಿ

ನಿಮ್ಮ ಮನೆತನ ಈಗಾಗಲೇ ಒಂದು ಮಠದ ಶಿಷ್ಯವರ್ಗಕ್ಕೆ ಸೇರಿರಬಹುದು. ಹವ್ಯಕರಲ್ಲಿ ಹೆಚ್ಚಿನವರಿಗೆ ರಾಮಚಂದ್ರಾಪುರ ಮಠ, ಕೊಂಕಣಿಗರಲ್ಲಿ ಹಲವರಿಗೆ ಕಾಶೀ ಮಠ, ಮಾಧ್ವರಿಗೆ ಉಡುಪಿಯ ಮಠಗಳು. ಅಜ್ಜಿಯನ್ನು ಕೇಳಿದರೆ ಸುಲಭವಾಗಿ ಗೊತ್ತಾಗುತ್ತದೆ. ಅಲ್ಲಿಗೇ ಹೋಗಬೇಕು ಅಂತ ಕಡ್ಡಾಯ ಏನಿಲ್ಲ. ಆದರೆ ಮನೆಯ ದಾರಿ ಯಾವುದು ಅಂತ ತಿಳಿಯದೆ ಬೇರೆ ದಾರಿ ಹುಡುಕುವುದು ಯಾಕೆ?

ಗುರು ಮನೆಯೊಳಗೇ ಸಿಕ್ಕ ಕತೆ ನಮ್ಮ ಕಾಞಂಗಾಡಿನ ಹೊಸದುರ್ಗದಲ್ಲೇ ಇದೆ. 1884ರಲ್ಲಿ ಅಲ್ಲಿ ಹುಟ್ಟಿದ ವಿಠಲ ರಾವ್ ವ್ಯಾಪಾರದಲ್ಲಿ ಸೋತು, ನೆಮ್ಮದಿ ಕಳೆದುಕೊಂಡು ರಾಮನಾಮ ಹಿಡಿದಿದ್ದರು. ‘ಶ್ರೀರಾಮ್ ಜಯ್ ರಾಮ್ ಜಯ್ ಜಯ್ ರಾಮ್’ ಎಂಬ ಮಂತ್ರವನ್ನು ಅವರಿಗೆ ಉಪದೇಶ ಮಾಡಿದ್ದು ಸ್ವಂತ ಅಪ್ಪ. ಮಗ ಅದರ ಮುಂದೆ ಓಂಕಾರ ಸೇರಿಸಿಕೊಂಡರು. 1922ರಲ್ಲಿ ಮನೆ ಬಿಟ್ಟು ಹೊರಟ ಅವರೇ ಸ್ವಾಮಿ ರಾಮದಾಸರು. 1931ರಲ್ಲಿ ಕಾಞಂಗಾಡಿನಲ್ಲಿ ಶುರುವಾದ ಆನಂದಾಶ್ರಮ ಅವರದ್ದು ಮತ್ತು ಮಾತಾಜಿ ಕೃಷ್ಣಾಬಾಯಿಯವರದ್ದು. ಅಲ್ಲಿನ ಭಜನೆ ಮಂದಿರದಲ್ಲಿ ಈಗಲೂ ಅದೇ ನಾಮ ಕೇಳುತ್ತದೆ. ಯಾವ ಮಠಕ್ಕೂ ಸೇರದವರು ಒಂದು ದಿನ ಅಲ್ಲಿ ಸುಮ್ನೆ ಕೂತು ಬರಬಹುದು. ಉಳಿದುಕೊಳ್ಳುವುದಿದ್ದರೆ ಮೊದಲೇ ತಿಳಿಸಿ.

ಆಮೇಲೆ ದೂರದಿಂದ ನೋಡಿ

ಇದಕ್ಕೆ ಚಾತುರ್ಮಾಸ್ಯದಷ್ಟು ಒಳ್ಳೆಯ ಸಮಯ ಬೇರೆ ಇಲ್ಲ. ಆಷಾಢ ಹುಣ್ಣಿಮೆಗೆ ವ್ಯಾಸಪೂಜೆ ಮಾಡಿ ಕೂತ ಸನ್ಯಾಸಿಗಳು ವ್ರತ ಮುಗಿಯುವವರೆಗೆ ಊರೂರು ಸುತ್ತುವುದಿಲ್ಲ. ಹೆಸರಿಗೆ ನಾಲ್ಕು ತಿಂಗಳಾದರೂ ಈಗ ಹೆಚ್ಚಿನ ಕಡೆ ನಾಲ್ಕು ಪಕ್ಷ, ಅಂದರೆ ಎರಡು ತಿಂಗಳು. ಚೆರ್ಕಳದಿಂದ ಬದಿಯಡ್ಕದ ಕಡೆ ಹೋಗುವ ದಾರಿಯಲ್ಲಿ ಎಡನೀರು ಮಠ ಸಿಗುತ್ತದೆ. ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಬದಲಿಸುವಂತಿಲ್ಲ ಎಂದ ಸುಪ್ರೀಂ ಕೋರ್ಟಿನ 1973ರ ತೀರ್ಪಿನಲ್ಲಿ ಹೆಸರಿರುವ ಕೇಶವಾನಂದ ಭಾರತೀ ಸ್ವಾಮಿಗಳು ಇದೇ ಮಠದವರು. ಯಕ್ಷಗಾನದ ಭಾಗವತಿಕೆಯನ್ನೂ ಮಾಡುತ್ತಿದ್ದರು ಅನ್ನುವುದು ನಮಗೆ ಇನ್ನೂ ಹೆಮ್ಮೆ. ಮಳೆಗಾಲದಲ್ಲಿ ಅಲ್ಲಿಗೆ ಹೋದರೆ ಪೂಜೆ, ಊಟ, ತಾಳಮದ್ದಳೆ ಎಲ್ಲಾ ಇರುತ್ತದೆ. ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ.

ಏನು ನೋಡಬೇಕು? ಮುಂಡಕ ಉಪನಿಷತ್ತು ಗುರುವಿಗೆ ಎರಡು ಲಕ್ಷಣ ಹೇಳುತ್ತದೆ: ಶ್ರೋತ್ರಿಯ ಮತ್ತು ಬ್ರಹ್ಮನಿಷ್ಠ. ಶಾಸ್ತ್ರ ಓದಿರಬೇಕು, ಓದಿದ್ದರಲ್ಲಿ ನೆಲೆ ನಿಂತಿರಬೇಕು. ಮೊದಲನೆಯದನ್ನು ನಾಲ್ಕು ಜನರನ್ನು ಕೇಳಿ ತಿಳಿಯಬಹುದು. ಎರಡನೆಯದಕ್ಕೆ ಸರ್ಟಿಫಿಕೇಟು ಇಲ್ಲ ಮಾರಾಯರೆ. ನನಗೆ ಗೊತ್ತಿರುವ ಉಪಾಯ ಒಂದೇ, ಅಡುಗೆಯವರನ್ನೂ ಡ್ರೈವರನ್ನೂ ಮಾತಾಡಿಸುವುದು. ಸ್ವಾಮಿಗಳಿಗೆ ಸಿಟ್ಟು ಬಂದಾಗ ಏನಾಗುತ್ತದೆ ಅಂತ ಅವರಿಗಿಂತ ಜಾಸ್ತಿ ಯಾರಿಗೂ ಗೊತ್ತಿರುವುದಿಲ್ಲ. ಸ್ವಾಮಿಗಳಿಗೆ ಉಪದೇಶ ಕೊಟ್ಟ ಗುರು ಯಾರು ಅಂತಲೂ ಕೇಳಿ. ನೇರ ಉತ್ತರ ಬರದಿದ್ದರೆ ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿ.

ಕೆಲವು ಕಡೆ ನಿಲ್ಲಲೇಬೇಡಿ. ಮಂತ್ರಕ್ಕೆ ರೇಟು ಹೇಳುವವರು, ಹೆಂಡತಿ ಮಕ್ಕಳಿಗೆ ಹೇಳಬೇಡ ಅನ್ನುವವರು, ಒಬ್ಬಳೇ ಬಾ ಅನ್ನುವವರು, ಡಾಕ್ಟರ ಮದ್ದು ಬಿಡಿಸುವವರು. ಪ್ರಶ್ನೆ ಕೇಳಿದರೆ ಶಾಪ ಕೊಡುವವರೂ ಅದೇ ಪಟ್ಟಿಗೆ. ನಮಸ್ಕಾರ, ಪ್ರಶ್ನೆ, ಸೇವೆ ಮೂರರಿಂದಲೂ ತಿಳಿದುಕೊ ಅಂತ ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿ ಕೃಷ್ಣನೇ ಹೇಳಿದ್ದಾನೆ, ಅಲ್ವಾ?

ಕೇಳುವುದು

ಸ್ವಾಮಿಗಳನ್ನು ಕಾಣಲು ಮಠದ ಮ್ಯಾನೇಜರರ ಹತ್ತಿರ ದಿನ ಕೇಳಿಕೊಳ್ಳಿ. ಮುಂಡು, ಶಾಲು ಸಾಕು. ಹೆಂಗಸರಿಗೆ ಸೀರೆ. ಕೈಯಲ್ಲಿ ಹಣ್ಣು ಇರಲಿ. ಹಿಂದೆ ಶಿಷ್ಯ ಸಮಿತ್ತು, ಅಂದರೆ ಹೋಮದ ಕಟ್ಟಿಗೆ, ಹಿಡಿದು ಹೋಗುತ್ತಿದ್ದ.

ನಾನು ಹೋದದ್ದು ಒಂದು ಚಿಪ್ಪು ಕದಳಿ ಬಾಳೆಹಣ್ಣಿನ ಜತೆಗೆ. ಅಡ್ಡಬಿದ್ದು ಎದ್ದು, ಉಪದೇಶ ಆಗಬೇಕು ಅಂದೆ. ‘ಬೆಳಗ್ಗೆ ಎಷ್ಟು ಗಂಟೆಗೆ ಏಳ್ತೀ?’ ಅಂದರು ಸ್ವಾಮಿಗಳು. ಸುಳ್ಳು ಹೇಳಲು ನಾಲಗೆ ಬರಲಿಲ್ಲ. ‘ಏಳೂವರೆ.’ ‘ಮೊದಲು ಅದು ಸರಿಯಾಗಲಿ.’ ನನ್ನ ಚಿಪ್ಪಿನಿಂದಲೇ ಎರಡು ಹಣ್ಣು ಕಿತ್ತು, ಮಂತ್ರಾಕ್ಷತೆ ಇಟ್ಟು ನನ್ನ ಕೈಗೇ ಹಾಕಿದರು. ಬಸ್ಸಿನಲ್ಲಿ ಆ ಹಣ್ಣು ತಿನ್ನುತ್ತಾ ಸಿಟ್ಟು ಮಾಡಿಕೊಂಡಿದ್ದೆ. ಉಪದೇಶ ಆದದ್ದು ಮುಂದಿನ ವರ್ಷ.

ಆ ದಿನ

ಮಿಂದು, ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಪದ್ಧತಿ ಮಠದಿಂದ ಮಠಕ್ಕೆ ಬೇರೆ. ಮಾಧ್ವರಲ್ಲಿ ಮೈಮೇಲೆ ಶಂಖಚಕ್ರದ ಮುದ್ರೆ ಹಾಕಿಸಿಕೊಳ್ಳುವ ಮುದ್ರಾಧಾರಣೆ ಇದೆ, ವೀರಶೈವರಲ್ಲಿ ಲಿಂಗದೀಕ್ಷೆ. ಮಂತ್ರೋಪದೇಶವಾದರೆ ಸಂಕಲ್ಪ, ಗುರುವಂದನೆ ಆದ ಮೇಲೆ ಕಿವಿಯಲ್ಲಿ ಮೆಲ್ಲಗೆ ಹೇಳುತ್ತಾರೆ. ನೀವು ತಿರುಗಿ ಹೇಳಬೇಕು. ಉಚ್ಚಾರ ತಪ್ಪಿದರೆ ನಾಚಿಕೆ ಬೇಡ, ಅಲ್ಲೇ ಸರಿ ಮಾಡಿಸಿಕೊಳ್ಳಿ. ದಿನಕ್ಕೆ ಎಷ್ಟು ಜಪ, ಸೂತಕದಲ್ಲಿ ಏನು, ಪ್ರಯಾಣದಲ್ಲಿ ಏನು ಅಂತಲೂ ಆಗಲೇ ಕೇಳಿ. ದಕ್ಷಿಣೆ ನಿಮ್ಮ ಶಕ್ತಿಗೆ ತಕ್ಕಷ್ಟು.

ಮನೆ, ತೋಟ, ಕೆಲಸ ಬಿಡಬೇಕಾಗಿಲ್ಲ. ಮಠಗಳ ಶಿಷ್ಯರಲ್ಲಿ ಸಂಸಾರಿಗಳೇ ಜಾಸ್ತಿ. ಮಾಲೆಯಲ್ಲಿ 108 ಮಣಿ. ತೋರುಬೆರಳು ತಾಗಿಸಬೇಡಿ. ಮಾಲೆಯ ಗಂಟಿನ ಹತ್ತಿರದ ಮೇರು ಮಣಿ ಬಂದಾಗ ದಾಟದೆ ಮಾಲೆ ತಿರುಗಿಸಿ. ಮಂತ್ರವನ್ನು ವಾಟ್ಸಾಪಿನಲ್ಲಿ ಹಾಕಬೇಡಿ, ಇದನ್ನು ಹೇಳಲೇಬೇಕಾದ ಕಾಲ ಬಂದಿದೆ.

ವರ್ಷಕ್ಕೊಮ್ಮೆಯಾದರೂ ಹೋಗಿ ಸಂಶಯ ಕೇಳಿ ಬನ್ನಿ. ಮೊದಲ ಸಲ ನಾನು ಕೇಳಿದ್ದು, ‘ಜಪಕ್ಕೆ ಕೂತರೆ ನಿದ್ದೆ ಬರುತ್ತದೆ, ಏನು ಮಾಡಲಿ?’ ‘ರಾತ್ರಿ ಬೇಗ ಮಲಗು’ ಅಂದರು.